ಎತ್ತು ಗುರುತಿಸದ ದನಿ

ನಾನು ಶಾಲೆ ಬಿಟ್ಟು ಮೊದಲ ಸಲ ಮನೆಯಿಂದ ಹೊರಬಿದ್ದದ್ದು ಒಂದು ಸೋಮವಾರ, ನಮ್ಮ ಕಡೆ ಎತ್ತಿಗೂ ನೊಗ ಹೂಡದ ದಿನ. ಅಲೆಯುತ್ತ ಅಲೆಯುತ್ತ ಕಂಪ್ಯೂಟರ್ ಆಟಗಳಿಗೆ ಸದ್ದು ಕೂಡಿಸುವ ಕೆಲಸ ಕಲಿತೆ. ತೆಲಂಗಾಣ ಹೋರಾಟದ ಒಂದು ಬಂದ್ ದಿನ ಗಡಿಯ ಊರು ಯಾಲಾಲ್‌ನಲ್ಲಿ ಸಿಕ್ಕಿಬಿದ್ದಾಗ, ಶರಣಪ್ಪ ಎಂಬ ರೈತರು ತಮ್ಮ ಎತ್ತನ್ನು ಕರೆಯುವ ಕೂಗು ಕೇಳಿ, ಒಂದು ಆಟಕ್ಕೆಂದು ರೆಕಾರ್ಡ್ ಮಾಡಿಕೊಂಡೆ.

"ಡಾಕ್ಟರು ಇವರ ಗಂಟಲು ಕೊಯ್ಯಾವ್ರಿದ್ದಾರ, ದನಿ ಹೋಗ್ತದಂತ. ನಮಗೂ ಒಂದು ಕಾಪಿ ಕೊಡ್ರಿ," ಅಂದರು ಅವರ ಹೆಂಡತಿ ಶಾಂತಮ್ಮ.

ಸದ್ದು ಕೂಡಿಸುವ ಸಾಫ್ಟ್‌ವೇರಿನಲ್ಲಿ ಎಲ್ಲ ದನಿಗಳೂ ಒಟ್ಟಾಗಿ ಹಾಯುವ ದಾರಿಗೆ ಬಸ್ ಅನ್ನುತ್ತಾರೆ. ಆಟದಲ್ಲಿ ಒಂದು ಗುಹೆ ಇತ್ತೆಂದು ಇಡೀ ಬಸ್ಸಿಗೇ ಪ್ರತಿಧ್ವನಿಯ ಎಫೆಕ್ಟ್ ಹಾಕಿದೆ. ಅದನ್ನು ತೆಗೆಯದೆ ಹಾಗೆಯೇ ಶಾಂತಮ್ಮನವರಿಗೆ ಕಾಪಿ ಮಾಡಿ, ಜಾಗ ಸಾಲದೆಂದು ಮೂಲ ರೆಕಾರ್ಡಿಂಗ್ ಅಳಿಸಿದೆ.

ಆಪರೇಷನ್ ಆಗಿ ಶರಣಪ್ಪನವರ ದನಿ ಹೋದ ಮೇಲೆ, ಆ ಕಾಪಿಯನ್ನು ಒಯ್ದು ಕೊಟ್ಟಿಗೆಯಲ್ಲಿ ಸ್ಪೀಕರಿಗೆ ಹಚ್ಚಿದೆ. ಎತ್ತು ಕಿವಿಯನ್ನೂ ಆಡಿಸಲಿಲ್ಲ.

"ಬಾವ್ಯಾಗ ಬಿದ್ದೋರು ಒದರಿದಂಗ ಅದ. ಇದು ನಮ್ಮವರ ದನಿ ಅಲ್ರಿ," ಅಂದರು ಶಾಂತಮ್ಮ. "ಮೊದಲಿಂದು ಎಲ್ಲದ?"

"ಅಳಿಸೀನ್ರಿ ಅಕ್ಕಾ."

ಶರಣಪ್ಪ ನನ್ನತ್ತ ನೋಡದೆ ನಾಲಿಗೆಯಿಂದ ಲೊಚ್ಚೆಂದರು. ಎತ್ತು ಎದ್ದು ಅವರ ಬಳಿ ಬಂತು.

ನಾನು ಸ್ಪೀಕರಿನ ವೈರು ಸುತ್ತಿ ಚೀಲ ಕಟ್ಟತೊಡಗಿದೆ. ಅಂದೂ ಸೋಮವಾರವೇ. ಎತ್ತಿಗೆ ಬಿಡುವು, ನನಗೆ ಮತ್ತೆ ಹಾದಿ.