ನೀರು ಬೇಡದ ಹಲ್ಲು ಹಿಡಿದು ಕಮಲಾಪುರಕ್ಕೆ

ಬೆಂಗಳೂರಿನಿಂದ ಹೊರಟ ರೈಲು ಕಲಬುರಗಿ ಮುಟ್ಟಿದಾಗ ಬೆಳಗಿನ ಎಂಟು ಗಂಟೆ. ಅಷ್ಟು ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು. ತೊಂಬತ್ತರ ದಶಕದ ಕೊನೆಯ ಒಂದು ಏಪ್ರಿಲ್ ತಿಂಗಳು ಅದು. ನನ್ನ ಹೆಗಲಿಗೆ ಒಂದು ಚೀಲ, ಅಂಗಿಯ ಕಿಸೆಯಲ್ಲಿ ಉಂಗುರ ಇಡುವಂಥ ಪುಟ್ಟ ಡಬ್ಬಿ. ಆ ಡಬ್ಬಿಯ ಮೇಲೆ ಕೈಯಿಟ್ಟುಕೊಂಡೇ ದಾರಿಯುದ್ದಕ್ಕೂ ಮಲಗಿದ್ದೆ. ಎದುರಿನ ಬರ್ತಿನ ಮುದುಕಿ ಕೇಳಿಯೇಬಿಟ್ಟಿದ್ದಳು: “ಮಗಳ ಲಗ್ನದ ಬಂಗಾರ ಏನೋ ಯಪ್ಪಾ?”

“ಅಲ್ಲಬೇ, ಪಿಂಗಾಣಿ ಚೂರು.”

“ಇರ್ಲಿ ತಗಿ, ನಾ ಏನ್ ಕಸಗೊಂತೀನೇನು” ಎಂದು ಆಕೆ ಮಗ್ಗುಲಾಗಿದ್ದಳು.

ಡಬ್ಬಿಯಲ್ಲಿದ್ದದ್ದು ಖರೇನೇ ಪಿಂಗಾಣಿ. ನಾನು ಬೆಂಗಳೂರಿನ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಹಾಯಕ. ನಮ್ಮ ಪ್ರೊಫೆಸರರು ಅಲ್ಲಿ ಪುಡಿಯನ್ನು ಒತ್ತಿ, ಕುಲುಮೆಯಲ್ಲಿ ಬೇಯಿಸಿ, ಉಕ್ಕು ಕೊಯ್ಯುವ ಹಲ್ಲು ಮಾಡುತ್ತಿದ್ದರು. ಲೇತಿನ ಮೇಲೆ ಗರಗರ ತಿರುಗುವ ಉಕ್ಕಿನ ದಂಡವನ್ನು ಹೆರೆಯುವ ಈ ಚೌಕ ತುಣುಕಿಗೆ ಅಂಗಡಿಗಳಲ್ಲಿ ಟಿಪ್ ಅನ್ನುತ್ತಾರೆ. ಸಾಮಾನ್ಯ ಟಿಪ್ಪು ಕಾದು ಸುಟ್ಟುಹೋಗಬಾರದೆಂದು ಅದರ ಮೇಲೆ ಎಣ್ಣೆ ಬೆರೆಸಿದ, ಹಾಲಿನಂಥ ಬಿಳಿ ನೀರನ್ನು ಬಿಡುತ್ತಲೇ ಇರಬೇಕು. ನಮ್ಮ ಟಿಪ್ಪಿಗೆ ಆ ನೀರು ಬೇಡ. ಅದರ ಒಡಲಲ್ಲೇ ಒಂದು ಮೆತ್ತನೆಯ ಲವಣ ಬೆರೆತಿರುತ್ತದೆ. ಕೊಯ್ಯುವ ಕಾವಿಗೆ ಅದು ಹೊರಬಂದು ಮೊನೆಯ ಮೇಲೆ ತೆಳ್ಳಗೆ ಸವರಿಕೊಳ್ಳುತ್ತದೆ. ತನಗೆ ಬೇಕಾದ ಎಣ್ಣೆಯನ್ನು ತಾನೇ ಹೊತ್ತು ತಂದ ಹಲ್ಲು ಅನ್ನಿ. ಆದರೆ ಪುಕ್ಕಟೆ ಏನೂ ಅಲ್ಲ. ಹಾಗೆ ಸವರಿಕೊಂಡಷ್ಟೂ ತಾನು ಸವೆಯಬೇಕು; ಒಳಗೆ ಮೆತ್ತನೆಯದು ಸೇರಿದ್ದರಿಂದ ಗಟ್ಟಿತನವೂ ಒಂದು ಕೈ ಕಡಿಮೆ.

ಕುಲುಮೆಯಿಂದ ಬಂದವುಗಳಲ್ಲಿ ಎರಡೇ ಉಳಿದಿದ್ದವು. ಪ್ರೊಫೆಸರರು ನಿವೃತ್ತಿಯ ಅಂಚಿನಲ್ಲಿದ್ದರು. ಕುಲುಮೆಯ ಮೇಲೆ ಬೇರೆಯವರ ಕಣ್ಣು ಬಿದ್ದಿತ್ತು. ಹೊರಡುವಾಗ ಅವರು ಹೇಳಿದ್ದರು: “ನಮ್ಮ ಮೆಷಿನ್ ಮೇಲೆ ಎಲ್ಲವೂ ತಡೆಯುತ್ತೆ ಗುರುರಾಜ್. ಊರಿನ ಲೇತಿನ ಮೇಲೆ ಒಂದು ದಿನದ ಕೆಲಸ ತಡೆದು ಬರಲಿ. ಸವೆದು ಬರಬೇಕು, ಒಡೆದು ಬರಬಾರದು. ಸವೆದದ್ದನ್ನ ಅಳೆದು ತೋರಿಸಿ ಮುಂದಕ್ಕೆ ಮಾಡಿಸಬಹುದು. ಒಡೆದದ್ದರಲ್ಲಿ ಅಳೆಯೋದೇನಿದೆ?” ಮುಂದೆ ಮಾಡಿದ್ದೆಲ್ಲ ಪರೀಕ್ಷೆಗೆಂದು ಇಸ್ಮಾಯಿಲನ ಅಂಗಡಿಗೇ ಹೋಗಲಿ ಎಂದೂ ಒಪ್ಪಿದ್ದರು. ನಾನು ಟಿಕೆಟ್ ತೆಗೆಸಿದ್ದು ಆ ಒಂದು ಮಾತಿಗಾಗಿ.

ಇಸ್ಮಾಯಿಲ್ ಯಾರೆಂದು ಹೇಳಬೇಕಲ್ಲ. ಕಲಬುರಗಿಯ ಗಾಜಿಪುರದ ನಮ್ಮ ಮನೆಯಿಂದ ನಾನು, ಅವನ ಮನೆಯಿಂದ ಅವನು, ಇಬ್ಬರೂ ಒಬ್ಬನೇ ಉಸ್ತಾದನ ಕೈಕೆಳಗೆ ಲೇತು ಕಲಿತವರು. ನಾನು ಬೆಂಗಳೂರಿಗೆ ಹೋದೆ. ಅವನು ಕಮಲಾಪುರದಲ್ಲಿ ಸ್ವಂತ ಅಂಗಡಿ ಹಾಕಿದ. ನನಗಿಂತ ನಾಲ್ಕು ವರ್ಷ ದೊಡ್ಡವನು, ಬಾಯಲ್ಲಿ ಹತ್ತು ವರ್ಷ ದೊಡ್ಡವನು.

ಸ್ಟೇಶನ್ ಬಜಾರದ ಆಟೋಗಳ ನಡುವೆ ಅವನು ನಿಂತಿದ್ದ. ಎರಡೂ ಕೈಗೆ ಮುಂಗೈತನಕ ಬಿಳಿ ಪಟ್ಟಿ.

“ಏನ್ ಭಟ್ಟಾ, ಬೆಂಗ್ಳೂರ ನೀರಿಗಿ ಹೊಟ್ಟಿ ಬಂದಾದಲ್ಲೋ.”

“ನನ್ನ ಹೊಟ್ಟಿ ಇರ್ಲಿ ಭಾಯಿ. ಕೈ ಇಷ್ಟ್ಯಾಕ ಆತು?”

“ಮದರಂಗಿ ಹಚ್ಚೀನಿ. ಎರಡ್ನೇ ಲಗ್ನ.”

ನಗು ಬರಲಿಲ್ಲ. ಆರು ತಿಂಗಳ ಹಿಂದೆ ನೋಡಿದಾಗ ಬೆರಳ ಸಂದಿಯಲ್ಲಷ್ಟೇ ಸಿಪ್ಪೆ ಏಳುತ್ತಿತ್ತು.

ಹೋಟೆಲಿನಲ್ಲಿ ಸುಸಲಾ, ಮಿರ್ಚಿ ಭಜಿ ತಿಂದೆವು. ಮಿರ್ಚಿಯ ಖಾರ ಬೆರಳ ಬಿರುಕಿಗೆ ತಾಗಬಾರದೆಂದು ಅವನು ಚಮಚದಿಂದ ತಿಂದ. ಅಲ್ಲಿಂದ ಆಟೋದಲ್ಲಿ ಸೂಪರ್ ಮಾರ್ಕೆಟ್ಟಿಗೆ ಹೋದೆವು. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಚರ್ಮದ ಡಾಕ್ಟರ್ ಬಾಯಿಯವರು ಕೂರುತ್ತಿದ್ದರು. ಮೆಟ್ಟಿಲ ಮೇಲೇ ಒಂದು ತಾಸು ಕಾದೆವು. ಪಟ್ಟಿ ಬಿಚ್ಚಿದಾಗ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

“ನೋಡ್ರಿ, ಆ ಎಣ್ಣಿನೀರು ನಿಮ್ಮ ಕೈಗೆ ವಿಷ ಅದ” ಎಂದರು ಡಾಕ್ಟರ್. “ನಾ ಮುಲಾಮ ಕೊಡ್ತೀನಿ, ನೀವು ಹೋಗಿ ಮತ್ತ ಅದರಾಗ ಅದ್ದತೀರಿ. ಇನ್ನಾ ಹಿಂಗ ನಡೆದ್ರ ಬೆರಳು ಮಡಚಾಕ ಬರಂಗಿಲ್ಲ. ಕೈಗವಸು ಹಾಕ್ಕೊರಿ, ಇಲ್ಲಾ ಕೆಲಸಾ ಬಿಡ್ರಿ.”

“ಕೈಗವಸು ಹಾಕ್ಕೊಂಡು ಲೇತಿನ ಮುಂದ ನಿಂತ್ರ, ಅದು ಬಟ್ಟಿ ಹಿಡದು ಎಳಕೊಂತದ ಬಾಯಿಯವರ. ಆಗ ಬೆರಳಲ್ಲ, ಭುಜಾನೇ ಹೋಗ್ತದ.”

“ಮತ್ತ ಏನ್ ಮಾಡ್ತೀರಿ?”

ಇಸ್ಮಾಯಿಲ್ ನನ್ನ ಕಿಸೆಯ ಕಡೆ ಗದ್ದದಿಂದ ಸನ್ನೆ ಮಾಡಿದ. “ನಮ್ಮ ಭಟ್ಟ ನೀರು ಕುಡೀಲಾರದ ಹಲ್ಲು ತಂದಾನ್ರಿ. ಏಕಾದಶಿ ಮಾಡೋ ಮಂದಿ ಅಲ್ರಿ, ಹಲ್ಲಿಗೂ ಉಪವಾಸ ಕಲಿಸ್ಯಾರ.”

ಡಾಕ್ಟರರಿಗೆ ಅದು ಅರ್ಥವಾಗಲಿಲ್ಲ. ನನಗೆ ಮಾತ್ರ ಆ ಡಬ್ಬಿ ಅಲ್ಲಿಂದ ಮುಂದಕ್ಕೆ ಭಾರವಾಯಿತು.

ಕಮಲಾಪುರ ಹುಮನಾಬಾದ್ ರಸ್ತೆಯಲ್ಲಿ ಒಂದು ತಾಸಿನ ದಾರಿ. ಟಿಕೆಟ್ಟು ಹನ್ನೆರಡು ರೂಪಾಯಿ. ಕೆಂಪು ಬಸ್ಸಿನ ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು. ತೊಗರಿ ಕಿತ್ತ ಹೊಲಗಳು ಬರಿದಾಗಿ ಬಿದ್ದಿದ್ದವು; ಕರಿ ನೆಲ ಅಂಗೈಯಗಲ ಬಿರುಕು ಬಿಟ್ಟಿತ್ತು. ಇಸ್ಮಾಯಿಲ್ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ತೂಕಡಿಸುತ್ತಿದ್ದ. ಕಮಲಾಪುರದ ಬಸ್ ನಿಲ್ದಾಣದಲ್ಲಿ ಅಲ್ಲಿನ ಹೆಸರಾಂತ ಕೆಂಪು ಬಾಳೆಹಣ್ಣಿನ ಬುಟ್ಟಿಗಳು ಸಾಲಾಗಿದ್ದವು. “ಕೈ ಹೋದ್ರ ಇಲ್ಲೇ ಒಂದು ಬುಟ್ಟಿ ಇಟಗೊಂಡು ಕೂಡ್ತೀನಿ” ಅಂದ. “ನಿನ್ನ ಬಾಯಿಗೆ ಹೆದರಿ ಯಾರೂ ಚೌಕಾಶಿ ಮಾಡಂಗಿಲ್ಲ” ಅಂದೆ. ಇಬ್ಬರೂ ನಕ್ಕೆವು. ಅವನು ಮೊದಲು ನಗು ನಿಲ್ಲಿಸಿದ.

ಅಂಗಡಿ ಹೆದ್ದಾರಿಯ ಮೇಲೆ, ಮನೆ ಅದರ ಹಿಂದೆ. ಫಾತಿಮಾ ಭಾಬಿ ಬಾಗಿಲಲ್ಲೇ ಗಂಡನ ಪಟ್ಟಿಯನ್ನು ನೋಡಿ, ಒಳಗೆ ನಡೆದು ತಾಟು ಹಾಕಿದರು. ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸುತ್ತ ನನಗೆ ಹೇಳಿದರು: “ಹೊಸಾ ಗಡಿಗ್ಯಾಗ ಮಾಡೀನಿ ಭಾಯಿಸಾಬ್, ಅನುಮಾನ ಬ್ಯಾಡ್ರಿ.” ನಮ್ಮಜ್ಜಿ ಹೇಳುತ್ತಿದ್ದಳು, ಉಣಿಸುವ ಕೈ ನೋಡಬೇಕು, ಗಡಿಗೆಯನ್ನಲ್ಲ ಅಂತ. ಅದನ್ನೇ ಹೇಳಿದೆ. ಭಾಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ಉಣಿಸೋ ಕೈ ಇರ್ಲಿ, ದುಡಿಯೋ ಕೈ ಉಳಿಸಿಕೊಡ್ರಿ” ಅಂದರು.

ಮರುದಿನ ಬೆಳಿಗ್ಗೆ ಕೆಲಸ ಹಿಡಿದೆವು. ಕಬ್ಬಿನ ಗಾಣಕ್ಕೆ ಹಾಕುವ ಗಟ್ಟಿ ಉಕ್ಕಿನ ಹೊಸ ದಂಡಗಳು ಗೋಡೆಗೆ ಒರಗಿದ್ದವು. ಗಾಣದವನಿಗೆ ನಾಳೆ ಕೊಡುವ ಮಾತಾಗಿತ್ತು. ಇಸ್ಮಾಯಿಲ್ ಪಟ್ಟಿ ಬಿಚ್ಚಿ ಲೇತಿನ ಹಿಡಿಗೆ ನೇತುಹಾಕಿದ. ಉಸ್ತಾದನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಸ್ವಿಚ್ ಹಾಕುವ ಮೊದಲು ಬಿಸ್ಮಿಲ್ಲಾ ಅಂದು ಹಲ್ಲಿಗೆ ಒಂದು ಕುಂಚ ಎಣ್ಣೆನೀರು ಕುಡಿಸಬೇಕು. “ಕೊಯ್ಯೋ ಬಾಯಿಗಿ ನೀರು ತಪ್ಪಿಸಬ್ಯಾಡ್ರಿ” ಅನ್ನುತ್ತಿದ್ದ. ಒಣಗಿದ ಹಲ್ಲು ಕಂಡರೆ ಮುಂಗೈಗೆ ಕೋಲಿನ ಪೆಟ್ಟು. ಎಷ್ಟೋ ಪೆಟ್ಟು ತಿಂದಿದ್ದೇವೆ. ಹಾಗಾಗಿ ನಾನು ಮೊದಲೇ ಹೇಳಿದೆ: “ಭಾಯಿ, ಇದಕ್ಕ ಒಂದು ಹನಿ ನೀರೂ ಆಗಂಗಿಲ್ಲ. ಕೆಂಪಗೆ ಕಾದ ಪಿಂಗಾಣಿ, ತಣ್ಣೀರು ಬಿದ್ರ ಸೀಳ್ತದ.”

“ಆತೋ ಮಾರಾಯಾ” ಎಂದು ಅವನೇ ಎಣ್ಣೆನೀರಿನ ಡಬ್ಬಿಯನ್ನೂ ಕುಂಚವನ್ನೂ ಎತ್ತಿಕೊಂಡು ಹೋಗಿ ಅಂಗಳದಲ್ಲಿ ಇಟ್ಟುಬಂದ. ಬರುವಾಗ ಕೈಯನ್ನು ಲುಂಗಿಗೆ ಒರೆಸಿಕೊಂಡ.

ಮೊದಲನೆಯ ಟಿಪ್ಪು ಬೇಗ ಮುಗಿಯಿತು. ಲೇತು ಹಳೆಯದು, ಜೋರಾಗಿ ತಿರುಗಿಸಿದರೆ ಮೈಯೆಲ್ಲ ನಡುಗುತ್ತದೆ ಎಂದು ಇಸ್ಮಾಯಿಲ್ ನಿಧಾನ ವೇಗದಲ್ಲಿಟ್ಟ. ಆ ವೇಗಕ್ಕೆ ಬೇಕಾದ ಕಾವು ಹುಟ್ಟಲಿಲ್ಲ. ಕಾವಿಲ್ಲದೆ ಒಳಗಿನ ಲವಣ ಹೊರಬರಲಿಲ್ಲ. ಮೊನೆ ಬೆಲ್ಲದ ಅಚ್ಚಿನ ಅಂಚಿನಂತೆ ಪುಡಿಪುಡಿ ಉದುರಿತು. ಚೌಕದ ಮೂಲೆಗಳನ್ನು ಒಂದೊಂದಾಗಿ ತಿರುಗಿಸಿ ಹಾಕಿದೆವು. ಎಲ್ಲವೂ ಅದೇ ಹಾದಿ ಹಿಡಿದವು.

“ಚಹಾದ ಕಪ್ಪು ಒಡದು ತಂದಿದಿ ಏನೋ ಭಟ್ಟಾ?” ಅಂದ. ಕುಚೇಷ್ಟೆಯ ಮಾತೇ, ಆದರೆ ದನಿಯಲ್ಲಿ ಕುಚೇಷ್ಟೆ ಇರಲಿಲ್ಲ.

ಎರಡನೆಯದನ್ನು ಹಾಕುವ ಮೊದಲು ಲೇತಿನ ಸಡಿಲವಾದ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿ, ಬೆಲ್ಟನ್ನು ಎಲ್ಲಕ್ಕಿಂತ ಜೋರು ವೇಗಕ್ಕೆ ಬದಲಾಯಿಸಿದೆವು. ಆಗ ನೋಡಿ, ಟಿಪ್ಪು ಹಾಡತೊಡಗಿತು. ನೀಲಿ ಸುರುಳಿಗಳು ಒಣಒಣಗಿ ಬಿದ್ದವು. ಒಂದು ದಂಡ ಮುಗಿಯಿತು, ಇನ್ನೊಂದೂ ಮುಗಿಯಿತು. ನಿಲ್ಲಿಸಿ ಭೂತಗನ್ನಡಿ ಹಿಡಿದೆ. ಮೊನೆಯ ಮೇಲೆ ಮಸುಕಾದ, ನುಣುಪಾದ ಒಂದು ಪದರ ಹರಡಿತ್ತು. ಅದರ ಕೆಳಗೆ ಸವೆದ ಗೆರೆ ಕೂದಲೆಳೆಯಂತೆ ನೆಟ್ಟಗಿತ್ತು. ಎಲ್ಲೂ ಚಕ್ಕೆ ಎದ್ದಿರಲಿಲ್ಲ. ಪ್ರಯೋಗಶಾಲೆಯಲ್ಲೂ ಇಷ್ಟು ಚೆಂದ ಸವೆದದ್ದನ್ನು ನಾನು ಕಂಡಿರಲಿಲ್ಲ.

“ತಾ ಇಲ್ಲಿ” ಎಂದು ಇಸ್ಮಾಯಿಲ್ ಭೂತಗನ್ನಡಿಯನ್ನು ಕಸಿದುಕೊಂಡ. ಬಹಳ ಹೊತ್ತು ನೋಡಿದ. ಆಮೇಲೆ ಅದೇ ಗಾಜನ್ನು ತನ್ನ ಅಂಗೈಯ ಮೇಲೆ ಹಿಡಿದು ನೋಡಿಕೊಂಡ. “ಅದಕ್ಕಿಂತ ಇದು ಛಲೋ ಸವದಾದ” ಅಂದ.

ಅಷ್ಟರಲ್ಲಿ ಭಾಬಿ ನನಗೆಂದು ಒಂದು ಚೆಂಬು ತಣ್ಣೀರು ತಂದು ಲೇತಿನ ಪಕ್ಕದ ಸ್ಟೂಲಿನ ಮೇಲಿಟ್ಟರು. ಹೋಗುವವರು ನಿಂತು ನೆಲ ನೋಡಿದರು. ವರ್ಷಗಟ್ಟಲೆ ಬಿಳಿ ಎಣ್ಣೆನೀರಿಗೆ ಜಾರುತ್ತಿದ್ದ ನೆಲ. ಬಗ್ಗಿ ಬೆರಳಿಟ್ಟು ಮುಟ್ಟಿದರು. “ಒಣಾ ಅದ” ಎಂದು ತಮ್ಮಷ್ಟಕ್ಕೇ ಅಂದುಕೊಂಡು ಒಳಗೆ ಹೋದರು. ಆ ಪ್ರವಾಸದಲ್ಲಿ ನಾನು ಕಂಡ ಒಳ್ಳೆಯ ಗಳಿಗೆ ಅದೊಂದೇ.

ಮೂರನೆಯ ದಂಡ ಅರ್ಧಕ್ಕೆ ಬಂದಿತ್ತು. ಸುರುಳಿಗಳು ಕೆಂಡದ ಬಣ್ಣಕ್ಕೆ ತಿರುಗಿದವು. ಮೊನೆಯೂ ಕಿತ್ತಳೆಯಾಗಿ ಹೊಳೆಯಿತು. ಅದು ಹಾಗೇ ಇರಬೇಕಾದದ್ದು. ನಾನು ಬಗ್ಗಿ ಅದನ್ನೇ ನೋಡುತ್ತಿದ್ದೆ. ಇಸ್ಮಾಯಿಲನ ಬಲಗೈ ಎಣ್ಣೆನೀರಿನ ಡಬ್ಬಿ ಇರುತ್ತಿದ್ದ ಜಾಗಕ್ಕೆ ಹೋಯಿತು. ಅಲ್ಲಿ ಡಬ್ಬಿ ಇರಲಿಲ್ಲ. ಕೈ ತಡಕಾಡಿತು, ಸ್ಟೂಲಿನ ಮೇಲಿನ ಚೆಂಬು ಸಿಕ್ಕಿತು. ನಾನು ತಲೆ ಎತ್ತುವುದರೊಳಗೆ ಅವನು ಸುರಿದಿದ್ದ.

ಟಿಕ್ ಎಂದಿತು. ಗುಬ್ಬಿ ಕಾಳು ಒಡೆದಷ್ಟೇ ಸದ್ದು.

ಅವನೇ ಲೇತು ನಿಲ್ಲಿಸಿದ. ಹಬೆ ಅಡಗಿತು. ಟಿಪ್ಪು ಮೂಲೆಯಿಂದ ಮೂಲೆಗೆ ಸೀಳಿ ಎರಡು ಹೋಳಾಗಿತ್ತು. ಹಿಡಿಕೆ ಸಡಿಲಿಸಿದಾಗ ಒಂದು ಹೋಳು ಕೆಳಗೆ ಬಿತ್ತು, ಇನ್ನೊಂದು ಅಲ್ಲೇ ಸಿಕ್ಕಿಕೊಂಡಿತ್ತು. ಸವೆದ ಆ ಚೆಂದದ ಗೆರೆಯ ನಟ್ಟನಡುವೆ ಬಿರುಕು ಹಾದಿತ್ತು, ಅಂಚು ಪುಡಿಯಾಗಿತ್ತು. ಅಳೆಯಲು ಏನೂ ಉಳಿದಿರಲಿಲ್ಲ.

ಇಸ್ಮಾಯಿಲ್ ಖಾಲಿ ಚೆಂಬನ್ನು ಹಿಡಿದುಕೊಂಡೇ ನಿಂತಿದ್ದ. ನೀರು ಬೆರಳ ಬಿರುಕುಗಳಲ್ಲಿ ಇಳಿದು ಮೊಳಕೈಯಿಂದ ತೊಟ್ಟಿಕ್ಕುತ್ತಿತ್ತು.

“ಅದಕ್ಕ ಬಾಯಾರ್ಯಾದ ಅನಿಸ್ತೋ ಗುರು” ಅಂದ.

ಎಂದೂ ಅವನು ನನ್ನನ್ನು ಹೆಸರು ಹಿಡಿದು ಕರೆದವನಲ್ಲ. ಆ ಜಾಗದಲ್ಲಿ ಐವತ್ತು ಸಾವಿರ ಸಲ ಓಡಾಡಿದ ಕೈಗೆ ಒಂದೇ ಬೆಳಿಗ್ಗೆಯಲ್ಲಿ ಬುದ್ಧಿ ಹೇಳಿ ಮುಗಿಸುತ್ತೇನೆ ಅಂದುಕೊಂಡಿದ್ದೆ. ಉಸ್ತಾದ್ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಅವನ ಕೋಲು ಇನ್ನೂ ಇವನ ಮುಂಗೈ ಮೇಲೇ ಇತ್ತು.

“ಇನ್ನೊಂದು ಮಾಡಿ ಕಳಸ್ತಾರೇನು ನಿಮ್ಮ ಸಾಹೇಬ್ರು?”

“ಕೇಳ್ತೀನಿ ಭಾಯಿ.”

“ಸುಳ್ಳು ಹೇಳಾಕ ಬರಂಗಿಲ್ಲ ನಿನಗ. ಸಣ್ಣಾಂವ ಇದ್ದಾಗಿಂದ ಬಂದಿಲ್ಲ.”

ಊಟ ಯಾರಿಗೂ ಸೇರಲಿಲ್ಲ. ಭಾಬಿ ಒದ್ದೆ ನೆಲವನ್ನು ನೋಡಿಯೇ ತಿಳಿದುಕೊಂಡಿದ್ದರು. ಚೆಂಬನ್ನು ಒಳಗೆ ಒಯ್ದು ಬೆಳಗಿದರು. ಅದರದ್ದೇನು ತಪ್ಪಿತ್ತೋ, ಬೂದಿ ಹಾಕಿ ಬಹಳ ಹೊತ್ತು ತಿಕ್ಕುವ ಸದ್ದು ಕೇಳುತ್ತಿತ್ತು. ಹೊರಡುವಾಗ ಒಂದು ಹೋಳನ್ನು ನಾನು ಡಬ್ಬಿಗೆ ಹಾಕಿಕೊಂಡೆ. ಇನ್ನೊಂದನ್ನು ಇಸ್ಮಾಯಿಲ್ ತನ್ನ ಕಿಸೆಗೆ ಹಾಕಿಕೊಂಡ. “ನಿಮ್ಮ ಸಾಹೇಬ್ರಿಗಿ ಅರ್ಧ ಸಾಕು” ಅಂದ. ನಗಿಸಲೆಂದೇ ಅಂದದ್ದು ಇರಬೇಕು.

ಬಸ್ ನಿಲ್ದಾಣಕ್ಕೆ ಅವನು ಬರಲಿಲ್ಲ, ನಾನೇ ಬೇಡವೆಂದೆ. ಬುಟ್ಟಿಯವಳಿಂದ ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡೆ. ಮನೆಯಲ್ಲಿ ಕಾಯುತ್ತಿರುತ್ತಾರಲ್ಲ, ಕಮಲಾಪುರಕ್ಕೆ ಹೋಗಿ ಬರಿಗೈಯಲ್ಲಿ ಬಂದೆಯಾ ಎಂದು ಕೇಳುತ್ತಾರೆ. ಸಂಜೆಯ ರೈಲು ಹಿಡಿಯಬೇಕಿತ್ತು. ಮೂರು ಗಂಟೆಯ ಬಸ್ಸು ಬಂತು, ಎಡಗಡೆಯ ಕಿಟಕಿಯ ಪಕ್ಕ ಕೂತೆ. ಕಲಬುರಗಿಗೆ ಹೋಗುವ ಬಸ್ಸು ಅವನ ಅಂಗಡಿಯ ಮುಂದೇ ಹಾಯಬೇಕು.

ಎದುರಿಗೆ ಕಬ್ಬಿನ ಗಾಡಿಯೊಂದು ಅಡ್ಡ ಬಂದು ಬಸ್ಸು ಅಲ್ಲಿ ತುಸು ನಿಧಾನವಾಯಿತು. ಅಂಗಡಿಯ ಬಾಗಿಲು ತೆರೆದಿತ್ತು. ಲೇತು ನಿಧಾನ ವೇಗದಲ್ಲಿ ತಿರುಗುತ್ತಿತ್ತು. ಹಿಡಿಗೆ ನೇತುಹಾಕಿದ ಬಿಳಿ ಪಟ್ಟಿ ಹಾಗೇ ಜೋತಾಡುತ್ತಿತ್ತು. ಉಳಿದ ದಂಡಗಳನ್ನು ನಾಳೆ ಕೊಡಬೇಕಲ್ಲ. ಇಸ್ಮಾಯಿಲ್ ಬೆನ್ನು ಹಾಕಿ ನಿಂತಿದ್ದ. ಎಣ್ಣೆನೀರಿನ ಡಬ್ಬಿ ಅಂಗಳದಿಂದ ತನ್ನ ಜಾಗಕ್ಕೆ ವಾಪಸು ಬಂದಿತ್ತು. ಅವನ ಬಲಗೈ ನೋಡದೆಯೇ ಅಲ್ಲಿಗೆ ಹೋಯಿತು, ಮುಂಗೈತನಕ ಬಿಳಿ ನೀರಲ್ಲಿ ಇಳಿಯಿತು, ಕುಂಚವನ್ನು ಎತ್ತಿ ಹಲ್ಲಿಗೆ ನೀರು ಕುಡಿಸಿತು.