ಲಕ್ಷ ಸಹಿಗೆ ಬಂದ ಬೇಲಿ

ಕುಸುಮಳ ತಂಗಿ ಅನು ಸತ್ತದ್ದು ಮದ್ದೂರಿನಾಚೆ, ಹೆದ್ದಾರಿ ದಾಟುವಾಗ. ಅಕ್ಕತಂಗಿಯರಿಬ್ಬರೂ ಗಾರ್ಮೆಂಟ್ಸಿಗೆ ಹೋಗುವವರು. ಊರು ರಸ್ತೆಯ ಈ ಮಗ್ಗುಲು, ಫ್ಯಾಕ್ಟರಿ ಬಸ್ಸು ನಿಲ್ಲುವುದು ಆ ಮಗ್ಗುಲು. ಮುಂದೆ ದಾಟಿದ್ದ ಕುಸುಮ ತಿರುಗಿ ನೋಡುವಷ್ಟರಲ್ಲಿ ಕಾರು ಹೊಡೆದು ಹೋಗಿತ್ತು.

ತಿಥಿ ಮುಗಿದ ಮೇಲೆ, ಪಕ್ಕದ ಮೆಷೀನಿನಲ್ಲಿ ಹೊಲಿಯುವ ದೀಪಿಕ ಬಂದಳು.

"ಫೋನಲ್ಲಿ ಒಂದು ಅರ್ಜಿ ಆಕಾಣ ಅಕ್ಕ. ಜನ ಸಹಿ ಆಕುದ್ರೆ ದಾಟಕ್ಕೆ ಸೇತುವೆ ಕಟ್ಲೇಬೇಕು."

ಅನುವಿನ ಫೋಟೊ ಹಾಕಿ ಬರೆದರು. ಮೊದಲು ಊರಿನವರು, ಫ್ಯಾಕ್ಟರಿಯವರು, ಆಮೇಲೆ ಕುಸುಮ ಹೆಸರೇ ಕೇಳದ ಊರುಗಳವರು ಸಹಿ ಹಾಕಿದರು. ಸಂಜೆಯಾದರೆ ತಾಯಿ ಇಂದ್ರಮ್ಮ, "ಎಷ್ಟಾಯ್ತವ್ವ?" ಅನ್ನುವಳು. ಲೆಕ್ಕ ಕೇಳಿಸಿಕೊಂಡು, "ಅಷ್ಟು ಜನ ನಮ್ ಅನೂಗೆ ಅಳ್ತಾವ್ರಾ?" ಅನ್ನುವಳು.

ಸಹಿ ಲಕ್ಷ ದಾಟಿತು. ಒಂದು ಬೆಳಿಗ್ಗೆ ರಸ್ತೆಯ ನಡುವೆ ಗುಂಡಿ ತೋಡುತ್ತಿದ್ದರು. ಸೇತುವೆಯ ಕಂಬಕ್ಕಿರಬೇಕೆಂದು ಕುಸುಮಳ ಎದೆ ತುಂಬಿ ಬಂತು. ಸಂಜೆ ಬಂದು ನೋಡಿದರೆ ಆಳೆತ್ತರದ ಕಬ್ಬಿಣದ ಬೇಲಿ ಎದ್ದಿತ್ತು.

"ಸೇತುವೆ ಎಲ್ಲಿ ಸಾರ್?"

"ಜನ ದಾಟಿ ಸಾಯ್ತಾರೆ ಅಂತ ನೀವೇ ತಾನೇ ಬರೆದಿದ್ದು? ಇನ್ನು ದಾಟೋ ಹಾಗಿಲ್ಲ ಬಿಡಿ," ಎಂದ ಕೆಲಸ ಮಾಡಿಸುತ್ತಿದ್ದವನು.

ಫೋನಿನಲ್ಲಿ ಅರ್ಜಿ ಗೆದ್ದಿದೆ ಎಂದು ಬಂದಿತ್ತು. ಗುರುತಿಲ್ಲದವರು ಶುಭಾಶಯ ಕಳಿಸುತ್ತಿದ್ದರು.

ಹೆದ್ದಾರಿಯ ಕೆಳಗೆ ಹಾದು ಹೋಗುವ ದಾರಿ ಬಲು ದೂರ. ಮಳೆ ಬಂದರೆ ಅಲ್ಲಿ ವಾರಗಟ್ಟಲೆ ಮೊಣಕಾಲುದ್ದ ನೀರು. ಜನ ಬೇಲಿ ಹತ್ತತೊಡಗಿದರು. ಸೊಪ್ಪು ಮಾರುವ ಮುದುಕಿ ಹೊಂಬಾಳಮ್ಮನೂ ಹತ್ತಿದಳು. ಸೆರಗು ಸಿಕ್ಕಿ, ಆಚೆ ಬಿದ್ದವಳು ಲಾರಿಯಡಿ ಸತ್ತಳು.

"ಇನ್ನೊಂದು ಅರ್ಜಿ ಆಕಾಣ ಅಕ್ಕ. ಅಜ್ಜೀದೊಂದು ಫೋಟೊ ಬೇಕು," ಎಂದಳು ದೀಪಿಕ.

ಮನಸ್ಸಿಲ್ಲದಿದ್ದರೂ ಕುಸುಮ ಹೊಂಬಾಳಮ್ಮನ ಮನೆಗೆ ಹೋದಳು. ಮಗ ಸ್ವಾಮಿ ತಲೆ ಬೋಳಿಸಿಕೊಂಡು ಜಗಲಿಯಲ್ಲಿ ಕೂತಿದ್ದ.

"ಫೋಟೊ ಕೊಡಕಿಲ್ಲ ಕಣಕ್ಕ," ಎಂದ. ದನಿ ಏರಿಸಲಿಲ್ಲ. "ಬೇಲಿ ಇಲ್ದೇ ಇದ್ದಾಗ ಎಪ್ಪತ್ತು ವರ್ಸ ನಮ್ಮವ್ವ ಎಲ್ಲಾನೂ ದಾಟ್ಕಂಡೇ ಬದುಕಿದ್ಲು. ನಿಮ್ ಸಹಿಗೋಳ ಕೈಲಿ ಆದ್ರೆ ಆ ಬೇಲಿ ಕೀಳ್ಸಿ, ಓಗಿ."

ಕುಸುಮ ಎದ್ದು ಬಂದಳು. ಈಗ ಅವಳು ಕತ್ತಲಿರುವಾಗಲೇ ಹೊರಟು, ಸೀರೆ ಎತ್ತಿ ಹಿಡಿದು, ಕೆಳದಾರಿಯ ನೀರಿನಲ್ಲೇ ನಡೆದುಹೋಗುತ್ತಾಳೆ.