ಹೊಳೆಯ ನಡುವಿನ ಉಸುಕು

ನನ್ನ ಅವ್ವನ ತವರು ಹಿಪ್ಪರಗಿಗಿಂತ ತುಸು ಮೇಲೆ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ಅವಳು ಸಣ್ಣವಳಿದ್ದಾಗ ಬೇಸಿಗೆಯಲ್ಲಿ ಹೊಳೆ ಎರಡಾಗಿ ಸೀಳಿ, ನಡುವೆ ಉಸುಕಿನ ದಿಬ್ಬ ಏಳುತ್ತಿತ್ತಂತೆ. ಅದರ ಮೇಲೆ ಕಲ್ಲಂಗಡಿ ಬೆಳೆಯುತ್ತಿದ್ದರಂತೆ. ಅಪ್ಪ ನಂಬುತ್ತಿರಲಿಲ್ಲ. ಅವನು ಮುಧೋಳದ ಕಡೆಯಿಂದ ಬನಹಟ್ಟಿಗೆ ಬಂದು ಮಗ್ಗ ಹಾಕಿ ನೆಲೆಸಿದವನು. ಮಾವನ ಮನೆಗೆ ಹೋದದ್ದೆಲ್ಲ ಶ್ರಾವಣದಲ್ಲಿ, ಹೊಳೆ ತುಂಬಿದ್ದಾಗ. ಆಮೇಲೆ ಹಿಪ್ಪರಗಿಯಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜ್ ಬಂದು ಬೇಸಿಗೆಯಲ್ಲೂ ನೀರು ನಿಂತಿತು. ಮನೆಯಲ್ಲಿ ಕಲ್ಲಂಗಡಿ ಕೊಯ್ದಾಗಲೆಲ್ಲ, "ಇದು ನಿಮ್ಮ ಹೊಳ್ಯಾಗಿಂದೇನು?" ಎಂದು ಕೇಳುತ್ತಿದ್ದ.

ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ಇದೇ ಹೊಳೆಯ ನೀರು ವರ್ಷದಿಂದ ವರ್ಷಕ್ಕೆ ಹೇಗೆ ಹರಡಿತು, ದಂಡೆಯ ಜೋಳದ ಹೊಲಗಳು ಯಾವಾಗ ಕಬ್ಬಿಗೆ ತಿರುಗಿದವು ಎಂದು ಅಭ್ಯಾಸ ಮಾಡುವುದು ನನ್ನ ಕೆಲಸ. ಕಳೆದ ಬೇಸಿಗೆ ರಜೆಗೆ ಮನೆಗೆ ಬಂದಾಗಲೂ ಲ್ಯಾಪ್‌ಟಾಪ್ ಜೊತೆಗಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ ನಮ್ಮ ಮಗ್ಗಗಳು ನಿಂತವು. ಕೆಲಸವಿಲ್ಲದ ಅಪ್ಪ ಬಂದು ನನ್ನ ಪಕ್ಕ ಕುಳಿತ.

"ಹೊಲ ಯಾಕ ಕೆಂಪು ಕಾಣಾಕತ್ತಾವು?"

ಈ ಚಿತ್ರಗಳಲ್ಲಿ ಹಸಿರು ಬೆಳೆಗೆ ಕೆಂಪು ಬಣ್ಣ ಕೊಡುತ್ತೇವೆ, ನೀರು ಕಪ್ಪು, ಉಸುಕು ಬಿಳಿ ಎಂದೆ. ಉಸುಕು ಎಂದದ್ದೇ ತಡ, ಅಡುಗೆಮನೆಯಿಂದ ಅವ್ವ ಹಿಟ್ಟಿನ ಕೈಯಲ್ಲೇ ಬಂದಳು.

"ಹಂಗಾರ ಬ್ಯಾರೇಜ್ ಇಲ್ಲದಾಗಿಂದು ತಗಿ. ಯುಗಾದಿ ಆದಮ್ಯಾಲಿಂದು."

ತೆಗೆದೆ. ಅವಳ ತವರಿನ ಎದುರಿಗೆ, ಕಪ್ಪು ನೀರಿನ ನಡುವೆ ಕುಡುಗೋಲಿನಂತೆ ಬಾಗಿದ ಬಿಳಿ ತುಂಡೊಂದಿತ್ತು. ಅದರ ಹಿಂದಿನ ಬೇಸಿಗೆಯ ಚಿತ್ರದಲ್ಲೂ ಇತ್ತು, ತುಸು ಕೆಳಗೆ ಸರಿದು. ಬ್ಯಾರೇಜ್ ಆದ ಮೇಲಿನದರಲ್ಲಿ ಬರೀ ಕಪ್ಪು. ಆ ಚಿತ್ರಗಳನ್ನು ನಾನು ಎಷ್ಟೋ ಸಲ ನೋಡಿದ್ದೆ, ಆದರೆ ಹೊಳೆಯ ಅಂಚನ್ನಷ್ಟೇ. ಅವತ್ತೇ ನಡುವಿನ ದಿಬ್ಬಗಳನ್ನೂ ಅಭ್ಯಾಸಕ್ಕೆ ಸೇರಿಸಿಕೊಂಡೆ.

ಅಪ್ಪ ಮೂಗಿನ ಮೇಲೆ ಚಾಳೀಸು ಏರಿಸಿ ಬಹಳ ಹೊತ್ತು ನೋಡಿದ.

"ಉಸುಕು ಖರೆ. ಕಲ್ಲಂಗಡಿ ಎಲ್ಲೈತಿ?"

"ಅದಕ್ಕ ಬ್ಯಾರೆ ಉಪಗ್ರಹ ಬಿಡಸ್ರಿ," ಎಂದಳು ಅವ್ವ. ಮೂವರೂ ಹೊಟ್ಟೆ ಹಿಡಿದು ನಕ್ಕೆವು.

ಮರುದಿನ ಮಗ್ಗಕ್ಕೆ ಸೂಟಿ ಕೊಟ್ಟು ಅಪ್ಪನೇ ನಮ್ಮನ್ನು ಹೊಳೆಗೆ ಕರೆದುಕೊಂಡು ಹೋದ. ಫೋನಿನಲ್ಲಿ ಚಿತ್ರ ನೋಡುತ್ತ, ದಿಬ್ಬಕ್ಕೆ ನೇರವಾಗಿ ದಂಡೆಯ ಮೇಲೆ ಜಾಗ ಹುಡುಕಿದೆ. ಅದು ಕಬ್ಬಿನ ಹೊಲದ ಬದು. ಮುಂದೆ ತುಂಬಿ ನಿಂತ ನೀರು. "ಅಲ್ಲೇ," ಎಂದು ಅವ್ವ ಕೈ ಮಾಡಿದಳು.

ಅಪ್ಪ ಬದುವಿನ ಮೇಲೆ ಟವೆಲ್ ಹಾಸಿದ. "ಕುಂದ್ರು. ಮೊದಲಿಂದ ಹೇಳು."

ಅವ್ವ ಅವನ ಮುಖ ನೋಡಿದಳು. ಚೇಷ್ಟೆಯಿರಲಿಲ್ಲ. ಅಜ್ಜನ ಹೆಗಲೇರಿ ನೀರು ದಾಟಿದ್ದು, ಕಾದ ಉಸುಕಿನ ಮೇಲೆ ಕುಣಿಕುಣಿದು ಓಡಿದ್ದು, ಕಲ್ಲಂಗಡಿ ತೋಟದವಳು ಹಣ್ಣನ್ನು ಮೊಣಕಾಲಿಗೆ ಬಡಿದು ಒಡೆದು ಕೊಟ್ಟದ್ದು, ರಸ ಸುರಿದ ಲಂಗದಲ್ಲೇ ಎಲ್ಲ ಹುಡುಗಿಯರೂ ಹೊಳೆಗಿಳಿದದ್ದು, ಒಂದೊಂದೇ ಹೇಳಿದಳು. ಇಷ್ಟೆಲ್ಲ ನಾನೂ ಕೇಳಿರಲಿಲ್ಲ.

"ಅಂಜಿಕಿ ಬರಲಿಲ್ಲೇನು?" ಎಂದ ಅಪ್ಪ.

"ಏನಂಜಿಕಿರಿ. ಹಸಿ ಲಂಗದಾಗ ಮನಿಗೆ ಹೋದಮ್ಯಾಗ, ನಮ್ಮವ್ವನ್ನ ನೋಡಿ ಬಂತು."

ಅಪ್ಪ ಕೇಳುತ್ತಲೇ ಹೋದ, ಅವಳು ಹೇಳುತ್ತಲೇ ಹೋದಳು. ಬುತ್ತಿ ಬಿಚ್ಚಿ ರೊಟ್ಟಿ ಹಂಚುವುದು ನನ್ನ ಪಾಲಿಗೆ ಬಂತು.